ಹೊಗೆ ಪೈಪಿಗೆ ತಾಮ್ರದ ಕಾಯಿಲ್ ಸುತ್ತುವ ಮೊದಲು ಹಾಕಬೇಕಾದ ಲೆಕ್ಕ

ಬಚ್ಚಲ ಒಲೆ ಉರಿಯುವಾಗ ಹೊಗೆ ಪೈಪಿನ ಹತ್ತಿರ ಕೈ ಹಿಡಿದರೆ ಸಾಕು, ಎಷ್ಟು ಬಿಸಿ ಸುಮ್ನೆ ಮೇಲೆ ಹೋಗುತ್ತಿದೆ ಅಂತ ಗೊತ್ತಾಗುತ್ತದೆ. ಆ ಪೈಪಿಗೆ ತಾಮ್ರದ ಕೊಳವೆ ಸುತ್ತಿ ಅದರೊಳಗೆ ನೀರು ಹರಿಸಿದರೆ ಹಂಡೆಯ ನೀರಿನ ಜೊತೆ ಇನ್ನೊಂದಿಷ್ಟು ಬಿಸಿನೀರು ಪುಕ್ಕಟೆ ಸಿಗುತ್ತದಲ್ವಾ? ಮಲೆನಾಡಿನ ಮನೆಗಳಲ್ಲಿ ಈ ಯೋಚನೆ ಬರುವುದು ಸಹಜ. ಸಿಗುತ್ತದೆ, ಅನುಮಾನ ಬೇಡ. ಎಷ್ಟು ಸಿಗುತ್ತದೆ ಅನ್ನುವುದೇ ಪ್ರಶ್ನೆ. ತಾಮ್ರದ ಬೆಲೆ ನೋಡಿದರೆ ಈ ಪ್ರಶ್ನೆಯನ್ನು ಅಂಗಡಿಗೆ ಹೋಗುವ ಮೊದಲೇ ಕೇಳಿಕೊಳ್ಳಬೇಕು.

ಲೆಕ್ಕ ಕಷ್ಟದ್ದಲ್ಲ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು. ಆದರೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಹೆಚ್ಚಿನವರು ಪೈಪಿನ ಮೈ ಬಿಸಿಯಿಂದ ಶುರು ಮಾಡುತ್ತಾರೆ. ಅಲ್ಲೇ ದಾರಿ ತಪ್ಪುತ್ತದೆ.

ನಾನು ಇಲ್ಲಿ ಹಿಡಿದಿರುವ ಉದಾಹರಣೆ ಇದು. ಹೊಗೆ ಪೈಪು ಕಬ್ಬಿಣದ್ದು, ಒಳ ಅಗಲ 100 ಮಿಲಿಮೀಟರ್, ದಪ್ಪ 2 ಮಿಲಿಮೀಟರ್. ಕಾಯಿಲ್ ಸುತ್ತಲು ಸಿಗುವ ಉದ್ದ 1 ಮೀಟರ್. ತಾಮ್ರದ ಕೊಳವೆ ಅರ್ಧ ಇಂಚಿನದು, ಎಸಿ ಕೆಲಸದವರು ಬಳಸುವ ಮೆತ್ತನೆಯ ಸುರುಳಿ, ಒಳ ಅಗಲ ಸುಮಾರು 11 ಮಿಲಿಮೀಟರ್. 25 ಮಿಲಿಮೀಟರಿಗೆ ಒಂದು ಸುತ್ತಿನಂತೆ 40 ಸುತ್ತು ಹಾಕಿದರೆ 14.7 ಮೀಟರ್ ಬೇಕು. 15 ಮೀಟರಿನ ಒಂದು ಸುರುಳಿಯಲ್ಲಿ ಮುಗಿಯುತ್ತದೆ. ನೀರು ನಿಮಿಷಕ್ಕೆ 1 ಲೀಟರ್, ಒಳಗೆ ಹೋಗುವಾಗ 25 ಡಿಗ್ರಿ. ಒಲೆಗೆ ಗಂಟೆಗೆ 2 ಕೆಜಿ ಒಣ ಕಟ್ಟಿಗೆ. ಪೈಪಿನ ಬುಡದಲ್ಲಿ ಹೊಗೆಯ ಬಿಸಿ 350 ಡಿಗ್ರಿ. ನಿಮ್ಮ ಒಲೆಯ ಅಂಕಿ ಬೇರೆ ಇರುತ್ತದೆ, ಅವನ್ನು ಹಾಕಿಕೊಂಡು ಇದೇ ದಾರಿಯಲ್ಲಿ ನಡೆಯಿರಿ.

ಮೊದಲು ತಪ್ಪು ಲೆಕ್ಕ

ಕಾಯಿಲ್ ಇಲ್ಲದ ಬರಿಯ ಪೈಪಿನ ಹೊರಮೈಗೆ ಟೆಂಪರೇಚರ್ ಗನ್ ಹಿಡಿದರೆ 130 ಡಿಗ್ರಿ ತೋರಿಸಿತು ಅಂದುಕೊಳ್ಳಿ. ಕೊಳವೆಯೊಳಗಿನ ನೀರು ಸರಾಸರಿ 28 ಡಿಗ್ರಿ. ವ್ಯತ್ಯಾಸ 102 ಡಿಗ್ರಿ. ಪೈಪಿಗೂ ಕೊಳವೆಗೂ ನಡುವೆ ಬೆಂಕಿ ತಡೆಯುವ ಸಿಮೆಂಟ್ ತುಂಬಿ ಚೆನ್ನಾಗಿ ಕೂಡಿಸಿದರೆ, ಆ ಕೂಡುವ ಜಾಗದಲ್ಲಿ 1 ವ್ಯಾಟ್ ದಾಟಲು ಸುಮಾರು 0.01 ಡಿಗ್ರಿ ವ್ಯತ್ಯಾಸ ಸಾಕು (ಈ ಅಂಕಿ ಎಲ್ಲಿಂದ ಬಂತು ಅನ್ನುವುದು ಕೆಳಗಿದೆ). 102ನ್ನು 0.01ರಿಂದ ಭಾಗಿಸಿದರೆ 10,000 ವ್ಯಾಟ್.

ಹತ್ತು ಕಿಲೋವ್ಯಾಟ್! ಆದರೆ ಗಾಳಿಗೆ ಒಣಗಿದ ಕಟ್ಟಿಗೆ 1 ಕೆಜಿ ಉರಿದರೆ ಬರುವುದು ಸುಮಾರು 15 ಮೆಗಾಜೂಲ್. ಗಂಟೆಗೆ 2 ಕೆಜಿ ಅಂದರೆ ಇಡೀ ಒಲೆಯೇ 8.3 ಕಿಲೋವ್ಯಾಟ್. ಒಲೆಗಿಂತ ಹೊಗೆ ಪೈಪು ಜಾಸ್ತಿ ಕೊಡುವುದು ಹೇಗೆ?

ತಪ್ಪಿರುವುದು ಗುಣಾಕಾರದಲ್ಲಿ ಅಲ್ಲ. ತಣ್ಣೀರಿನ ಕಾಯಿಲ್ ಸುತ್ತಿದ ಕ್ಷಣದಿಂದ ಪೈಪಿನ ಮೈ 130 ಡಿಗ್ರಿಯಲ್ಲಿ ಉಳಿಯುವುದಿಲ್ಲ, ಕೆಳಗಿಳಿಯುತ್ತದೆ. ಎಲ್ಲಿಗೆ ಇಳಿಯುತ್ತದೆ ಅನ್ನುವುದು ಒಳಗಿನ ಹೊಗೆ ಎಷ್ಟು ಬೇಗ ತನ್ನ ಶಾಖವನ್ನು ಪೈಪಿಗೆ ಕೊಡಬಲ್ಲದು ಅನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ಲೆಕ್ಕ ಹೊಗೆಯಿಂದ ಶುರುವಾಗಬೇಕು. ಪೈಪಿನ ಮೈ ಬಿಸಿ ಕೊನೆಯಲ್ಲಿ ತಾನಾಗಿ ಸಿಗುವ ಉತ್ತರ.

ಹೆಜ್ಜೆ 1: ಹೊಗೆ ಎಷ್ಟು ಶಾಖ ಹೊತ್ತು ತರುತ್ತಿದೆ?

ಒಂದು ಕೆಜಿ ಒಣ ಕಟ್ಟಿಗೆ ಪೂರ್ತಿ ಉರಿಯಲು 5 ಕೆಜಿಯಷ್ಟು ಗಾಳಿ ಸಾಕು. ಆದರೆ ಮನೆ ಒಲೆಯ ಬಾಯಿ ತೆರೆದೇ ಇರುತ್ತದೆ, ಅದರ ಎರಡರಷ್ಟು ಗಾಳಿ ನುಗ್ಗುತ್ತದೆ. ಕಟ್ಟಿಗೆಯೂ ಸೇರಿ 1 ಕೆಜಿಗೆ 10ರಿಂದ 11 ಕೆಜಿ ಹೊಗೆ ಅಂತ ಇಟ್ಟುಕೊಳ್ಳಿ. ಗಂಟೆಗೆ 2 ಕೆಜಿಗೆ 21 ಕೆಜಿ ಹೊಗೆ, ಅಂದರೆ ಸೆಕೆಂಡಿಗೆ 0.0058 ಕೆಜಿ.

1 ಕೆಜಿ ಹೊಗೆ 1 ಡಿಗ್ರಿ ತಣಿದರೆ ಸುಮಾರು 1100 ಜೂಲ್ ಬಿಡುತ್ತದೆ. 0.0058ನ್ನು 1100ರಿಂದ ಗುಣಿಸಿದರೆ 6.4. ಹೊಗೆ ಒಂದೊಂದು ಡಿಗ್ರಿ ಇಳಿದಾಗಲೂ ನಮಗೆ 6.4 ವ್ಯಾಟ್ ಸಿಗಬಹುದು ಅಂತ ಇದರ ಅರ್ಥ. 350ರಿಂದ 25ರವರೆಗೆ ಪೂರ್ತಿ ತಣಿಸಿದರೆ 2080 ವ್ಯಾಟ್. ಒಲೆಯ 8.3 ಕಿಲೋವ್ಯಾಟಿನಲ್ಲಿ ಕಾಲು ಭಾಗ ಹೊಗೆಯಲ್ಲಿ ಹೋಗುತ್ತಿದೆ. ಇದು ಮೇಲಿನ ಮಿತಿ. ಇದನ್ನು ಪೂರ್ತಿ ಹಿಡಿಯಲೂ ಆಗದು, ಹಿಡಿಯಲೂಬಾರದು. ಹೊಗೆ ತಣ್ಣಗಾದರೆ ಮೇಲಕ್ಕೆ ಏರುವುದೇ ಇಲ್ಲ, ಮನೆಯೊಳಗೆ ತುಂಬಿಕೊಳ್ಳುತ್ತದೆ. 3 ಮೀಟರ್ ಎತ್ತರದ ಪೈಪಿನಲ್ಲಿ ಹೊಗೆ ಸರಾಸರಿ 250 ಡಿಗ್ರಿ ಇದ್ದಾಗ ಅದನ್ನು ಮೇಲಕ್ಕೆ ಸೆಳೆಯುವ ಎಳೆತ ಸುಮಾರು 15 ಪಾಸ್ಕಲ್ (ಒತ್ತಡದ ಅಳತೆ) ಇರುತ್ತದೆ, 150 ಡಿಗ್ರಿಗೆ ಅದು 10ಕ್ಕೆ ಇಳಿಯುತ್ತದೆ.

ಹೆಜ್ಜೆ 2: ದಾರಿಯಲ್ಲಿರುವ ತಡೆಗಳು

ಶಾಖ ಹೊಗೆಯಿಂದ ನೀರಿಗೆ ಬರುವ ದಾರಿಯಲ್ಲಿ ನಾಲ್ಕು ಜಾಗ ದಾಟಬೇಕು. ಒಂದೊಂದು ಜಾಗದಲ್ಲೂ 1 ವ್ಯಾಟ್ ದಾಟಲು ಎಷ್ಟು ಡಿಗ್ರಿ ಬೇಕು ಅಂತ ಕಂಡುಹಿಡಿದು ಎಲ್ಲವನ್ನೂ ಕೂಡುತ್ತೇವೆ. ಇದನ್ನು ತಡೆ ಅಂತ ಕರೆಯೋಣ.

ಮೊದಲನೆಯದು ಹೊಗೆಯಿಂದ ಪೈಪಿನ ಒಳಮೈಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಇಡೀ ಲೆಕ್ಕದ ಜೀವ ಇಲ್ಲೇ ಇದೆ. 300 ಡಿಗ್ರಿಯಲ್ಲಿ ಹೊಗೆಯ ಸಾಂದ್ರತೆ ಘನ ಮೀಟರಿಗೆ ಸುಮಾರು 0.61 ಕೆಜಿ. ಪೈಪಿನ ಅಡ್ಡ ಕೊಯ್ತ 0.00785 ಚದರ ಮೀಟರ್. ಹಾಗಾದರೆ ಹೊಗೆಯ ವೇಗ ಸೆಕೆಂಡಿಗೆ 1.2 ಮೀಟರ್. ಹರಿವು ಕದಡಿದೆಯೋ ಪದರವಾಗಿದೆಯೋ ಅಂತ ಹೇಳುವ ರೆನಾಲ್ಡ್ಸ್ ಸಂಖ್ಯೆ 2500ರ ಹತ್ತಿರ ಬರುತ್ತದೆ. ಅಂದರೆ ಹೊಗೆ ಸುಳಿ ಸುತ್ತಿಕೊಂಡು ಕದಡಿ ಹೋಗುತ್ತಿಲ್ಲ, ಹೆಚ್ಚುಕಡಿಮೆ ಪದರ ಪದರವಾಗಿ ಏರುತ್ತಿದೆ. ನಡುವಿನ ಬಿಸಿ ಹೊಗೆ ಗೋಡೆ ಮುಟ್ಟದೆಯೇ ಹೊರಟುಹೋಗುತ್ತದೆ. ಇಂಥ ಹರಿವಿಗೆ, ಅದೂ ಇಷ್ಟು ಗಿಡ್ಡ ಪೈಪಿಗೆ, ಹರಿವು ಗೋಡೆಗೆ ಎಷ್ಟು ಚೆನ್ನಾಗಿ ಶಾಖ ಕೊಡುತ್ತದೆ ಅಂತ ಹೇಳುವ ನುಸೆಲ್ಟ್ ಸಂಖ್ಯೆ ಸುಮಾರು 9. ಅದನ್ನು ಹೊಗೆಯ ವಾಹಕತೆ (ಶಾಖ ಸಾಗಿಸುವ ಗುಣ) 0.045ರಿಂದ ಗುಣಿಸಿ, ಪೈಪಿನ ಅಗಲ 0.1ರಿಂದ ಭಾಗಿಸಿದರೆ ಚದರ ಮೀಟರಿಗೆ, ಡಿಗ್ರಿಗೆ 4 ವ್ಯಾಟ್. ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ತಾವೇ ಸೂಸುವ ಶಾಖಕ್ಕೆ ಇನ್ನೊಂದು 2 ಸೇರಿಸಿ. ಒಟ್ಟು 6.

1 ಮೀಟರ್ ಪೈಪಿನ ಒಳಮೈ 0.314 ಚದರ ಮೀಟರ್. 6 ಗುಣಿಸು 0.314 ಅಂದರೆ ಡಿಗ್ರಿಗೆ 1.88 ವ್ಯಾಟ್. ಅದನ್ನು ತಿರುಗಿಸಿದರೆ, ಅಂದರೆ 1ನ್ನು 1.88ರಿಂದ ಭಾಗಿಸಿದರೆ, ತಡೆ 0.53.

ಎರಡನೆಯದು ಪೈಪಿನ ಕಬ್ಬಿಣ. 0.002 ಮೀಟರ್ ದಪ್ಪವನ್ನು ವಾಹಕತೆ 50 ಮತ್ತು 0.314ರಿಂದ ಭಾಗಿಸಿದರೆ 0.00013. ಮರೆತುಬಿಡಿ.

ಮೂರನೆಯದು ಪೈಪಿಗೂ ಕೊಳವೆಗೂ ನಡುವಿನ ಸಂದು. ದುಂಡು ಪೈಪಿನ ಮೇಲೆ ದುಂಡು ಕೊಳವೆ ಕೂತರೆ ಅವು ಮುಟ್ಟುವುದು ಒಂದು ಗೆರೆಯಲ್ಲಿ ಮಾತ್ರ, ಅದೂ ಎಲ್ಲ ಕಡೆ ಅಲ್ಲ. ಉಳಿದದ್ದು ಗಾಳಿ. ಸರಳವಾಗಿ, 6 ಮಿಲಿಮೀಟರ್ ಅಗಲದ ಪಟ್ಟಿಯಲ್ಲಿ ಸರಾಸರಿ ಅರ್ಧ ಮಿಲಿಮೀಟರ್ ಗಾಳಿಯ ಸಂದು ಇದೆ ಅಂತ ಹಿಡಿಯಿರಿ. ಬಿಸಿ ಗಾಳಿಯ ವಾಹಕತೆ 0.035. ಅದನ್ನು 0.006ರಿಂದ ಗುಣಿಸಿ 0.0005ರಿಂದ ಭಾಗಿಸಿದರೆ ಕೊಳವೆಯ ಒಂದು ಮೀಟರಿಗೆ 0.42 ವ್ಯಾಟ್. 14.7 ಮೀಟರಿಗೆ 6.2. ತಡೆ 0.16. ಅದೇ ಸಂದಿಗೆ ಬೆಂಕಿ ಸಿಮೆಂಟ್ ತುಂಬಿದರೆ ವಾಹಕತೆ 1ರ ಸುಮಾರು, ಪಟ್ಟಿಯ ಅಗಲ 10 ಮಿಲಿಮೀಟರ್, ಸರಾಸರಿ ದಪ್ಪ 1.5 ಮಿಲಿಮೀಟರ್. ತಡೆ 0.01ಕ್ಕೆ ಇಳಿಯುತ್ತದೆ. ಮೇಲೆ ಹೇಳಿದ 0.01 ಇದೇ.

ನಾಲ್ಕನೆಯದು ಕೊಳವೆಯ ಒಳಮೈಯಿಂದ ನೀರಿಗೆ. ಸುರುಳಿಯಲ್ಲಿ ನೀರು ತಿರುಗುತ್ತಾ ಹೋಗುವಾಗ ಹೊರಗಿನ ಕಡೆಗೆ ತಳ್ಳಲ್ಪಟ್ಟು ಒಳಗೊಳಗೇ ಎರಡು ಸುಳಿ ಏಳುತ್ತವೆ. ಬಾಗಿದ ಕೊಳವೆಯ ಈ ಹರಿವಿನ ಲೆಕ್ಕವನ್ನು 1927ರಲ್ಲಿ ಡೀನ್ ಎಂಬ ವಿಜ್ಞಾನಿ ಬಿಡಿಸಿದ್ದರು, ಅದಕ್ಕೇ ಇಂಥ ಹರಿವಿನ ಲೆಕ್ಕಕ್ಕೆ ಬಳಸುವ ಅಂಕಿಗೆ ಡೀನ್ ಸಂಖ್ಯೆ ಅಂತ ಹೆಸರು. ಆ ಸುಳಿಗಳಿಂದಾಗಿ ನೇರ ಕೊಳವೆಗಿಂತ ಸುರುಳಿಯಲ್ಲಿ ಶಾಖ ಚೆನ್ನಾಗಿ ದಾಟುತ್ತದೆ. ನಮ್ಮ ಹರಿವಿಗೆ ಚದರ ಮೀಟರಿಗೆ, ಡಿಗ್ರಿಗೆ 1500 ವ್ಯಾಟ್ ಅಂತ ಧೈರ್ಯವಾಗಿ ಹಾಕಬಹುದು. ಕೊಳವೆಯ ಒಳಮೈ 0.51 ಚದರ ಮೀಟರ್. ತಡೆ 0.0013.

ಈಗ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೊಗೆಯ ಕಡೆ 0.53, ಸಂದು 0.16, ನೀರಿನ ಕಡೆ 0.0013, ಕಬ್ಬಿಣ ಲೆಕ್ಕಕ್ಕೇ ಇಲ್ಲ. ಹೊಗೆಯ ತಡೆ ನೀರಿನ ತಡೆಗಿಂತ 400 ಪಟ್ಟು ದೊಡ್ಡದು! ತಾಮ್ರ ಒಳ್ಳೆಯ ವಾಹಕ, ಕೊಳವೆ ತೆಳ್ಳಗಿರಬೇಕು, ನೀರು ಜೋರಾಗಿ ಹರಿಯಬೇಕು ಅಂತೆಲ್ಲ ನಾವು ತಲೆ ಕೆಡಿಸಿಕೊಳ್ಳುವುದು ಈ 0.0013ರ ಸುತ್ತಮುತ್ತ. ಅದನ್ನು ಸೊನ್ನೆ ಮಾಡಿದರೂ ಉತ್ತರ ಅಲುಗುವುದಿಲ್ಲ.

ಹೆಜ್ಜೆ 3: ಕೂಡಿ, ಊಹಿಸಿ, ಸರಿಮಾಡಿ

ಸಿಮೆಂಟ್ ತುಂಬದ ಬರೀ ಸುತ್ತಿಗೆ ಒಟ್ಟು ತಡೆ 0.69. ತಿರುಗಿಸಿದರೆ ಡಿಗ್ರಿಗೆ 1.45 ವ್ಯಾಟ್.

ಹೊಗೆ ಕಾಯಿಲ್ ದಾಟಿ ಹೋಗುವಾಗ ಎಷ್ಟು ಡಿಗ್ರಿ ಇರುತ್ತದೆ ಅಂತ ಮೊದಲು ಒಂದು ಊಹೆ ಮಾಡಿ. 280 ಇರಲಿ. ಸರಾಸರಿ ಹೊಗೆ 315, ಸರಾಸರಿ ನೀರು 28, ವ್ಯತ್ಯಾಸ 287. ಅದಕ್ಕೆ 1.45 ಗುಣಿಸಿದರೆ 416 ವ್ಯಾಟ್. ಇಷ್ಟು ಶಾಖ ಬಿಟ್ಟರೆ ಹೊಗೆ 416 ಭಾಗಿಸು 6.4, ಅಂದರೆ 65 ಡಿಗ್ರಿ ಇಳಿಯಬೇಕು. 350ರಲ್ಲಿ 65 ಕಳೆದರೆ 285. ಊಹೆ 280, ಬಂದದ್ದು 285. ಸಾಕು. ಇವೆರಡರ ನಡುವೆ ತುಂಬಾ ಅಂತರ ಬಂದರೆ ಹೊಸ ಅಂಕಿ ಹಾಕಿ ಇನ್ನೊಮ್ಮೆ ಮಾಡಿ. ಎರಡು ಮೂರು ಸಲಕ್ಕೆ ಕೂಡಿಕೊಳ್ಳುತ್ತದೆ.

ನೀರು ಎಷ್ಟು ಬಿಸಿಯಾಯಿತು? ನಿಮಿಷಕ್ಕೆ 1 ಲೀಟರ್ ನೀರು 1 ಡಿಗ್ರಿ ಏರಲು 70 ವ್ಯಾಟ್ ಬೇಕು. 416 ಭಾಗಿಸು 70, ಸುಮಾರು 6 ಡಿಗ್ರಿ. ಒಮ್ಮೆ ಹಾದುಹೋದರೆ ಅಷ್ಟೇ. 25ರಲ್ಲಿ ಒಳಗೆ ಹೋದ ನೀರು 31ರಲ್ಲಿ ಹೊರಗೆ.

ಗಂಟೆಯ ಲೆಕ್ಕದಲ್ಲಿ ಹೇಳುವುದಾದರೆ 416 ವ್ಯಾಟ್ ಅಂದರೆ ಗಂಟೆಗೆ 1500 ಕಿಲೋಜೂಲ್. 20 ಲೀಟರಿನ ಒಂದು ಬಕೆಟ್ ನೀರನ್ನು 25ರಿಂದ 43ಕ್ಕೆ ಏರಿಸಲು ಬೇಕಾದದ್ದೂ ಅಷ್ಟೇ. ಅದೇ ನೀರನ್ನು ಕಾಯಿಲಿನಲ್ಲಿ ಮತ್ತೆ ಮತ್ತೆ ಹಾಯಿಸುತ್ತಾ ಒಂದು ಗಂಟೆ ಒಲೆ ಉರಿದರೆ ಒಬ್ಬರ ಸ್ನಾನದ ಒಂದು ಬಕೆಟ್. ಇದು ಕಡಿಮೆ ಅನ್ನಿಸಬಹುದು, ಆದರೆ ದಿನಾ ಎರಡು ಮೂರು ಗಂಟೆ ಒಲೆ ಉರಿಯುವ ಮನೆಗೆ ಎರಡು ಮೂರು ಬಕೆಟ್, ಅದೂ ಒಂದು ಕಡ್ಡಿ ಕಟ್ಟಿಗೆ ಜಾಸ್ತಿ ಹಾಕದೆ. ನನಗಂತೂ ಇದು ಮಾಡಲು ಯೋಗ್ಯವಾದ ಕೆಲಸ ಅಂತಲೇ ಅನ್ನಿಸುತ್ತದೆ.

ಒಂದು ಷರತ್ತು. ಕಾಯಿಲ್ ಮೇಲೆ ರಾಕ್ ವುಲ್ (ಶಾಖ ತಡೆಯುವ ಕಲ್ಲಿನ ನಾರು) ಹೊದಿಸಲೇಬೇಕು. ಬರಿಯ ಪೈಪು ಮೀಟರಿಗೆ 400 ವ್ಯಾಟಿನಷ್ಟು ಶಾಖವನ್ನು ಕೋಣೆಗೆ ಚೆಲ್ಲುತ್ತಿರುತ್ತದೆ. ಹೊದಿಕೆ ಇಲ್ಲದಿದ್ದರೆ ನಿಮ್ಮ ನೀರೂ ಕೋಣೆಯ ಗಾಳಿಯೂ ಅದೇ ಶಾಖವನ್ನು ಹಂಚಿಕೊಳ್ಳುತ್ತವೆ. 50 ಮಿಲಿಮೀಟರ್ ಹೊದಿಕೆ ಇದ್ದರೆ ಹೊರಗೆ ಹೋಗುವುದು ಮೀಟರಿಗೆ 40-50 ವ್ಯಾಟ್ ಮಾತ್ರ.

ಇನ್ನೂ ಜಾಸ್ತಿ ಬೇಕಾದರೆ

ಮೊದಲಿಗೆ ಹೊಳೆಯುವುದು ಸಿಮೆಂಟ್ ತುಂಬುವುದು. ತಡೆ 0.69ರಿಂದ 0.54ಕ್ಕೆ ಇಳಿಯುತ್ತದೆ, ಶಾಖ 520 ವ್ಯಾಟಿಗೆ ಏರುತ್ತದೆ. ಕಾಲು ಪಾಲು ಲಾಭ. ಆದರೆ ಪೈಪಿನ ಮೈ ಬಿಸಿ ನೋಡಿ. ಅದು ನೀರಿನ ಬಿಸಿಗೆ, ಶಾಖ ಗುಣಿಸು ಸಂದಿನ ತಡೆ ಸೇರಿಸಿದಷ್ಟು. ಬರೀ ಸುತ್ತಿದಾಗ 28 ಕೂಡಿಸು 67, ಅಂದರೆ 95 ಡಿಗ್ರಿ. ಸಿಮೆಂಟ್ ತುಂಬಿದಾಗ 28 ಕೂಡಿಸು 5, ಅಂದರೆ 33 ಡಿಗ್ರಿ! ಕಟ್ಟಿಗೆ ಹೊಗೆಯಲ್ಲಿ ನೀರಿನ ಆವಿ ಇದೆ, ಟಾರ್ ಇದೆ. 33 ಡಿಗ್ರಿಯ ಗೋಡೆಗೆ ಅವೆರಡೂ ಬಂದು ಕೂರುತ್ತವೆ. ಕರಿ ಜಿಗುಟು ಒಳಗೆಲ್ಲ ಮೆತ್ತಿಕೊಂಡು ಪೈಪು ಕಟ್ಟುತ್ತದೆ, ಒಂದು ದಿನ ಅದೇ ಜಿಗುಟಿಗೆ ಬೆಂಕಿ ಹತ್ತಿಕೊಳ್ಳುವ ಅಪಾಯವೂ ಇದೆ. ಕಾಲು ಪಾಲು ಲಾಭಕ್ಕೆ ಇದು ಬೇಡ.

ಇದಕ್ಕಿಂತ ಒಳ್ಳೆಯ ದಾರಿ ಲೆಕ್ಕದಲ್ಲೇ ಅಡಗಿದೆ. ದೊಡ್ಡ ತಡೆ ಹೊಗೆಯ ಕಡೆ ಇದೆ, ಅದು ಇಳಿಯಬೇಕಾದರೆ ಪೈಪಿನ ಮೈ ಜಾಸ್ತಿ ಸಿಗಬೇಕು. ಹಾಗಾಗಿ ಅದೇ 15 ಮೀಟರ್ ತಾಮ್ರವನ್ನು 1 ಮೀಟರಿಗೆ ಒತ್ತೊತ್ತಾಗಿ ಸುತ್ತುವ ಬದಲು 2 ಮೀಟರಿಗೆ ಹರಡಿ. ಸುತ್ತಿಗೂ ಸುತ್ತಿಗೂ 50 ಮಿಲಿಮೀಟರ್ ಅಂತರ ಬರುತ್ತದೆ. ನಡುವಿನ ಖಾಲಿ ಜಾಗದ ಶಾಖ ವ್ಯರ್ಥವಾಗುವುದಿಲ್ಲವೇ ಅಂತ ಕೇಳಬಹುದು. ಇಲ್ಲ. ಹೊಗೆ ಕೊಡುವ ಶಾಖ ಅಷ್ಟು ಕಡಿಮೆ ಇರುವುದರಿಂದ 2 ಮಿಲಿಮೀಟರ್ ಕಬ್ಬಿಣ ಅದನ್ನು 25 ಮಿಲಿಮೀಟರ್ ಪಕ್ಕಕ್ಕೆ ಸುಲಭವಾಗಿ ಸಾಗಿಸುತ್ತದೆ, ನಷ್ಟ ನೂರಕ್ಕೆ ಒಂದೋ ಎರಡೋ. ಅರ್ಧ ಮಿಲಿಮೀಟರಿನ ತಗಡಿನ ಪೈಪಾದರೂ ನಷ್ಟ ನೂರಕ್ಕೆ ಐದರ ಆಸುಪಾಸು.

ಈಗ ಹೊಗೆಯ ತಡೆ ಅರ್ಧವಾಗಿ 0.27, ಸಂದು ಅದೇ 0.16, ಒಟ್ಟು 0.43. ಮೇಲಿನಂತೆ ಊಹಿಸಿ ಸರಿಮಾಡಿದರೆ 600 ವ್ಯಾಟಿನ ಹತ್ತಿರ ಬರುತ್ತದೆ. ಒಂದು ರೂಪಾಯಿ ತಾಮ್ರ ಜಾಸ್ತಿ ಕೊಳ್ಳದೆ ಒಂದೂವರೆ ಪಟ್ಟು. ಪೈಪಿನ ಮೈ ಎಷ್ಟು? 28 ಕೂಡಿಸು 96, ಸುಮಾರು 124 ಡಿಗ್ರಿ. ಟಾರ್ ಕೂರುವ ಭಯವೂ ಕಡಿಮೆ. ಹೊಗೆ 256 ಡಿಗ್ರಿಯಲ್ಲಿ ಹೊರಡುತ್ತದೆ, ಎಳೆತಕ್ಕೂ ತೊಂದರೆ ಇಲ್ಲ. ಪೈಪು ಉದ್ದ ಇರುವವರು ಯೋಚಿಸದೆ ಇದನ್ನೇ ಮಾಡಿ.

ಪೈಪು ಗಿಡ್ಡವಾಗಿದ್ದರೆ ಒಳಗೆ ತಿರುಚಿದ ಕಬ್ಬಿಣದ ಪಟ್ಟಿ ಇಳಿಬಿಡಬಹುದು. ಹೊಗೆ ಸುತ್ತಿಕೊಂಡು ಗೋಡೆಗೆ ತಾಗುತ್ತಾ ಏರುತ್ತದೆ. ಆದರೆ ಎಳೆತ ಕಡಿಮೆಯಾಗುತ್ತದೆ, ಮಸಿಯೂ ಹಿಡಿಯುತ್ತದೆ, ಹಾಗಾಗಿ ಹೊರಗೆ ಎಳೆದು ತೆಗೆಯುವಂತೆ ಕೊಕ್ಕೆ ಹಾಕಿಡಿ.

ಮಸಿಯ ಮಾತು ಬಂತು. ಪೈಪಿನ ಒಳಗೆ 2 ಮಿಲಿಮೀಟರ್ ಮಸಿ ಕೂತರೆ ತಡೆ 0.06ರಷ್ಟು ಏರುತ್ತದೆ. ಕೊಳವೆಯ ಒಳಗೆ 1 ಮಿಲಿಮೀಟರ್ ಸುಣ್ಣದ ಪದರ ಕಟ್ಟಿದರೆ ಏರುವುದು 0.002. ಶಾಖದ ಮಟ್ಟಿಗೆ ಸುಣ್ಣ ಏನೂ ಅಲ್ಲ. ಆದರೆ ಕೊಳವೆ 11ರಿಂದ 9 ಮಿಲಿಮೀಟರಿಗೆ ಇಳಿದರೆ ನೀರು ಹರಿಯಲು ಎರಡು ಪಟ್ಟಿಗಿಂತ ಜಾಸ್ತಿ ಒತ್ತಡ ಬೇಕು. ಬೋರ್ ನೀರಿನವರು ಇದನ್ನು ಗಮನಿಸಬೇಕು, ಕೋಲಾರ, ಚಿತ್ರದುರ್ಗದ ಕಡೆಯವರು ಇನ್ನೂ ಜಾಸ್ತಿ.

ಪಂಪ್ ಇಲ್ಲದೆ ನೀರು ತಾನಾಗಿ ತಿರುಗಲಿ ಅಂದುಕೊಂಡಿದ್ದರೆ ಟ್ಯಾಂಕ್ ಕಾಯಿಲಿಗಿಂತ ಮೇಲೆ ಇರಬೇಕು, ಕೊಳವೆ ಎಲ್ಲೂ ಕೆಳಗೆ ಬಾಗದೆ ಏರುತ್ತಲೇ ಹೋಗಬೇಕು. 25 ಮತ್ತು 45 ಡಿಗ್ರಿ ನೀರಿನ ತೂಕದ ವ್ಯತ್ಯಾಸ 1 ಮೀಟರ್ ಎತ್ತರಕ್ಕೆ ಕೊಡುವ ತಳ್ಳು ಬರೀ 67 ಪಾಸ್ಕಲ್, ಅಂದರೆ 7 ಮಿಲಿಮೀಟರ್ ನೀರಿನ ಎತ್ತರ. 15 ಮೀಟರ್ ಉದ್ದದ ಅರ್ಧ ಇಂಚಿನ ಕೊಳವೆಯಲ್ಲಿ ನಿಮಿಷಕ್ಕೆ 1 ಲೀಟರ್ ಹರಿಯಲು 400 ಪಾಸ್ಕಲಿಗಿಂತ ಜಾಸ್ತಿ ಬೇಕು. ಹಾಗಾಗಿ ಹರಿವು ತುಂಬಾ ಕಡಿಮೆ ಇರುತ್ತದೆ, ಬಿಸಿ ಜಾಸ್ತಿ ಇರುತ್ತದೆ. ಒಟ್ಟು ಶಾಖ ಹೆಚ್ಚುಕಡಿಮೆ ಅಷ್ಟೇ. ಕೊಳವೆಯ ಒಳ ಅಗಲ 14 ಮಿಲಿಮೀಟರ್ ಮಾಡಿದರೆ ಹರಿವಿನ ತಡೆ ಎರಡೂವರೆ ಪಟ್ಟು ಇಳಿಯುತ್ತದೆ.

ಇದನ್ನು ಮಾತ್ರ ತಪ್ಪಿಸಬೇಡಿ

ಕಾಯಿಲಿನ ಎರಡೂ ತುದಿಗೆ ವಾಲ್ವ್ ಹಾಕಿ ಮುಚ್ಚಬೇಡಿ. ಎಂದಿಗೂ ಬೇಡ. 1 ಲೀಟರ್ ನೀರು ಹಬೆಯಾದರೆ 1600 ಲೀಟರಿಗಿಂತ ಜಾಸ್ತಿ ಜಾಗ ಕೇಳುತ್ತದೆ, ಜಾಗ ಸಿಗದಿದ್ದರೆ ಕೊಳವೆ ಸಿಡಿಯುತ್ತದೆ. ಹೊರಹೋಗುವ ತುದಿ ಯಾವಾಗಲೂ ತೆರೆದ ಟ್ಯಾಂಕಿಗೆ ಬೀಳುವಂತಿರಲಿ, ನಡುವೆ ನಲ್ಲಿ ಬೇಡ. ಕರೆಂಟ್ ಹೋಗಿ ಪಂಪ್ ನಿಂತು ಕಾಯಿಲ್ ಒಣಗಿದ್ದರೆ, ಬೆಂಕಿ ಇರುವಾಗಲೇ ತಣ್ಣೀರು ಬಿಡಬೇಡಿ. ಹಬೆ ಮತ್ತು ಕುದಿನೀರು ಒಮ್ಮೆಲೇ ಚಿಮ್ಮುತ್ತದೆ. ಪೂರ್ತಿ ತಣಿಯಲಿ. ಬೆಸುಗೆ ಹಾಕಿಸುವಾಗ ತವರದ ಮೆತು ಬೆಸುಗೆ ಬೇಡ, ಅದು 200 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಎಸಿ ಕೆಲಸದವರ ಹತ್ತಿರ ಗ್ಯಾಸ್ ಬ್ರೇಜಿಂಗ್ (ಜಾಸ್ತಿ ಬಿಸಿಯಲ್ಲಿ ಹಾಕುವ ಗಟ್ಟಿ ಬೆಸುಗೆ) ಮಾಡಿಸಿ.

ಕೊನೆಗೆ ಅಳೆದು ನೋಡಿ

ಬಕೆಟ್, ಗಡಿಯಾರ, ಒಂದು ಥರ್ಮಾಮೀಟರ್ ಸಾಕು. ಒಲೆ ಅರ್ಧ ಗಂಟೆ ಉರಿದು ಹದಕ್ಕೆ ಬಂದ ಮೇಲೆ, ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತಿದೆ ಅಂತ ಬಕೆಟಿನಲ್ಲಿ ಹಿಡಿಯಿರಿ. ಒಳಗೆ ಹೋಗುವ ಮತ್ತು ಹೊರಬರುವ ನೀರಿನ ಬಿಸಿ ನೋಡಿ. ಲೀಟರ್ ಗುಣಿಸು ಡಿಗ್ರಿ ಏರಿಕೆ ಗುಣಿಸು 70, ಇಷ್ಟು ವ್ಯಾಟ್. ಹೊಳೆಯುವ ತಾಮ್ರಕ್ಕೆ ಟೆಂಪರೇಚರ್ ಗನ್ ಹಿಡಿಯಬೇಡಿ, ಅದು ತುಂಬಾ ಕಡಿಮೆ ತೋರಿಸುತ್ತದೆ. ಹೊಗೆಯ ಬಿಸಿಗೆ ಪೈಪಿನಲ್ಲಿ ಸಣ್ಣ ತೂತು ಮಾಡಿ ತಂತಿಯ ಥರ್ಮೋಕಪಲ್ (ಬಿಸಿ ಅಳೆಯುವ ಸಾಧನ) ತೂರಿಸಿ.

ಲೆಕ್ಕಕ್ಕಿಂತ ನೂರಕ್ಕೆ 20-30ರಷ್ಟು ಆಚೀಚೆ ಬಂದರೆ ಆಶ್ಚರ್ಯ ಬೇಡ, ಹೊಗೆಯ ಕಡೆಯ ಆ 6 ಅನ್ನುವ ಅಂಕಿಯೇ 5ರಿಂದ 10ರವರೆಗೆ ಆಡುತ್ತದೆ. ಅರ್ಧಕ್ಕಿಂತ ಕಡಿಮೆ ಬಂದರೆ ಮಾತ್ರ ಹುಡುಕಬೇಕು. ಮೊದಲು ಹೊದಿಕೆ ಎಲ್ಲಾದರೂ ಬಿಟ್ಟಿದೆಯೇ ನೋಡಿ. ಆಮೇಲೆ ಸುತ್ತುಗಳು ಸಡಿಲವಾಗಿ ಪೈಪಿನಿಂದ ಎದ್ದಿವೆಯೇ ನೋಡಿ, ಸಂದು 1 ಮಿಲಿಮೀಟರ್ ಆದರೆ ಅಲ್ಲಿನ ತಡೆ ಎರಡು ಪಟ್ಟಾಗುತ್ತದೆ. ಅವೆರಡೂ ಸರಿ ಇದ್ದರೆ ಪೈಪಿನೊಳಗೆ ಬ್ರಷ್ ಹಾಕಿ ಮಸಿ ತೆಗೆದು ಮತ್ತೊಮ್ಮೆ ಅಳೆಯಿರಿ.